ಶೇಂಗಾ ಹಿಂಡಿಯ ಪುಟ

ನಮ್ಮ ಶಾಲೆಗೆ ಆಗಾಗ ಸಂಸ್ಕೃತಿಯ ಜ್ವರ ಬರುತ್ತಿತ್ತು. ಆ ಸಲ ಸ್ವಲ್ಪ ಜೋರಾಗಿಯೇ ಬಂತು. ಮೂರನೇ ಕ್ಲಾಸಿನ ಮಕ್ಕಳು ತಮ್ಮ ಮನೆತನದ ಅಡುಗೆ ಬರೆಯಬೇಕು, ಅದನ್ನೆಲ್ಲ ಮಿರುಗುವ ಹಾಳೆಯ ಪುಸ್ತಕ ಮಾಡಬೇಕು ಎಂದು ಪ್ರಿನ್ಸಿಪಾಲರ ಅಪ್ಪಣೆಯಾಯಿತು. ಕುಡಿಯುವ ನೀರಿನ ನಲ್ಲಿ ಕೆಟ್ಟು ತಿಂಗಳಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಚಂದಾಪುರದ ಆ ಶಾಲೆಗೆ ನಾನೊಬ್ಬಳೇ ಕನ್ನಡ ಟೀಚರ್, ಹಾಗಾಗಿ ತಿದ್ದುವ ಭಾಗ್ಯ ನನ್ನದಾಯಿತು.

ಬಂದ ಪರಂಪರೆಯನ್ನು ನೀವು ನೋಡಬೇಕಿತ್ತು. ಅಪಾರ್ಟ್‌ಮೆಂಟಿನ ಹುಡುಗನೊಬ್ಬನ ಮನೆತನದ ಅಡುಗೆ ವೈಟ್ ಸಾಸ್ ಪಾಸ್ತಾ. ಇನ್ನೊಬ್ಬಳ ಅಜ್ಜಿಯ ಹೋಳಿಗೆ 'ಚಾನೆಲ್ ಸಬ್‌ಸ್ಕ್ರೈಬ್ ಮಾಡಿ' ಎಂದು ಮುಗಿದಿತ್ತು. ಎಲ್ಲಕ್ಕೂ 'ಗುಡ್' ಹಾಕಿದೆ.

ಆಮೇಲೆ ಸಿಕ್ಕಿದ್ದು ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗಳ ಪುಟ. ಮೇಲೆ ದುಂಡಗೆ 'ಶೇಂಗಾ ಹಿಂಡಿ' ಎಂದು ಬರೆದಿದ್ದಳು. ನಾನು ಆನೇಕಲ್ ಕಡೆಯ ಹಳ್ಳಿಯವಳು. ನಮ್ಮಲ್ಲಿ ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದು. ಕಲಗಚ್ಚಿಗೆ ಕಲಸಿ ಹಸುವಿನ ಮುಂದಿಡುತ್ತೇವೆ. ಕನ್ನಡ ಎಂ.ಎ. ಎಂಬ ಕೊಬ್ಬು ಬೇರೆ. ಕೆಳಗಿನ ಸಾಲುಗಳನ್ನು ಓದುವ ತಾಳ್ಮೆಯೂ ಇಲ್ಲದೆ ಪುಟಕ್ಕೆ ಅಡ್ಡಗೀಟು ಎಳೆದೆ.

"ಇದು ದನಕ್ಕೆ ಹಾಕೋದು ಕಣೇ! ಪಲಾವ್ ಬರ್ಕೊಂಡ್ ಬಾ."

ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ನಾಲ್ಕು ದಿನದ ಮೇಲೆ ಊಟದ ಬೆಲ್ ಹೊಡೆಯುವ ಹೊತ್ತಿಗೆ ಅವಳ ತಾಯಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಟೀಚರ್‌ರೀ, ನಮ್ ಹುಡುಗಿ ಹಿಂಡಿ ತಿನ್ನವಲ್ಲಳು. ದನಾ ತಿಂತಾವಂತ. ದಿನಾ ಡಬ್ಬಿ ಹಂಗೇ ವಾಪಸ್ ತರ್ತಾಳ, ಉಪಾಸ ಇರ್ತಾಳ. ಇದ್ರಾಗ ದನದ್ದು ಏನದ, ನೀವೇ ತಿಂದು ಹೇಳ್ರಿ."

ಡಬ್ಬಿಯಲ್ಲಿ ಜೋಳದ ರೊಟ್ಟಿ, ಜೊತೆಗೆ ಹುರಿದ ಶೇಂಗಾವನ್ನು ಬೆಳ್ಳುಳ್ಳಿ, ಕೆಂಪು ಖಾರದ ಜೊತೆ ಕುಟ್ಟಿದ ಪುಡಿ. ನಮ್ಮ ಕಡೆಯ ಚಟ್ನಿಪುಡಿಯ ಅಕ್ಕನೋ ತಂಗಿಯೋ ಇರಬೇಕು. ಮಕ್ಕಳೆದುರೇ ತಿಂದೆ. ಖಾರ ನೆತ್ತಿಗೇರಿ ಕಣ್ಣು ಮೂಗಲ್ಲೆಲ್ಲ ನೀರು.

"ತಪ್ಪು ನಂದು," ಎಂದೆ ಹುಡುಗಿಯ ಕಡೆ ತಿರುಗಿ. "ನಮ್ಮೂರ ಹಿಂಡಿ ಬೇರೆ, ನಿಮ್ಮೂರ ಹಿಂಡಿ ಬೇರೆ. ನೀನು ಬರ್ದಿದ್ದೇ ಸರಿ. ಪುಸ್ತಕದಲ್ಲಿ ಅದೇ ಇರುತ್ತೆ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಮಿಸ್, ನಿಮ್ಮೂರಾಗ ದನಕ್ಕೂ ಇಷ್ಟು ಖಾರ ಹಾಕ್ತೀರೇನ್ರಿ?"

ಕ್ಲಾಸು ಮತ್ತೆ ಗೊಳ್ಳೆಂದಿತು. ಅವಳು ನಗಲಿಲ್ಲ. ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ತನ್ನ ಬೆಂಚಿಗೆ ಹೋಗಿ ಊಟಕ್ಕೆ ಕೂತಳು.