ಕುರ್ಚಿಯ ಸುತ್ತ ಒಂದು ಗೆರೆ

ನನ್ನ ಸೋದರಮಾವ ಕ್ಷೌರಿಕ. ಅವನ ಕತ್ತರಿಗಿಂತ ನಾಲಿಗೆಯೇ ಹರಿತ. ಕೂತವನ ಕೂದಲು ಕತ್ತರಿಸುತ್ತಲೇ ಅವನ ಕಾಲೆಳೆಯುವುದು ಮಾವನ ಜಾಯಮಾನ. ಬೋಳುತಲೆಯವರು ಬಂದರೆ "ಬನ್ನಿ, ಪೇಪರ್ ಓದಿ ಹೋಗಿ" ಎನ್ನುತ್ತಿದ್ದ. ಬೈಸಿಕೊಂಡವರೇ ಮುಂದಿನ ತಿಂಗಳು ಮತ್ತೆ ಹಾಜರಾಗುತ್ತಿದ್ದರು.

ಇಂಥವನಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಸೋತಿತು. ಪುಣ್ಯಕ್ಕೆ ಮಾತಿಗೆ ಏನೂ ಆಗಲಿಲ್ಲ. ಆಗಿದ್ದರೆ ಅವನು ಆ ದುಃಖಕ್ಕೇ ಸಾಯುತ್ತಿದ್ದ. ಕೆಲವು ತಿಂಗಳಲ್ಲಿ ಎಡಗೈ ಬಾಚಣಿಗೆ ಹಿಡಿಯುವಷ್ಟು ಚೇತರಿಸಿಕೊಂಡಿತು. ಕಾಲು ಮಾತ್ರ ಮುನಿಸಿಕೊಂಡೇ ಇತ್ತು.

"ಊರವರ ಕಾಲೆಲ್ಲಾ ಎಳೆದಾಯ್ತು, ಈಗ ನಂದೇ ಎಳೀತಿದ್ದೀನಿ ನೋಡೋ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅತ್ತೆಗೂ ಬರಲಿಲ್ಲ. ಅವಳಿಗೆ ಒಂದೇ ಭಯ, ಗಂಡ ಅಂಗಡಿಯಲ್ಲಿ ಜಾರಿ ಬಿದ್ದರೆ ಏನು ಗತಿ ಎಂದು. ನೆಲದ ತುಂಬ ನುಣುಪು ಕೂದಲು, ಕೈಯಲ್ಲಿ ಕತ್ತರಿ. ಪಕ್ಕದ ಇಸ್ತ್ರಿಯವ ಬೇರೆ ಆ ಅಂಗಡಿ ತನಗೆ ಬಿಟ್ಟುಕೊಡಿ ಎಂದು ಬೆನ್ನು ಹತ್ತಿದ್ದ. ಅತ್ತೆ ಅರ್ಧ ಒಪ್ಪಿಯೂ ಇದ್ದಳು.

"ಅಂಗಡಿ ಕೊಟ್ಬಿಟ್ರೆ ದಿನಾ ಯಾರ ಜೊತೆ ಮಾತಾಡ್ಲೇ ನಾನು?" ಎಂದ ಮಾವ. ಆಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಕೊನೆಗೆ ಅತ್ತೆ ಗಡುವು ಕೊಟ್ಟಳು. "ಮಳೆಗಾಲ ಮುಗಿಯೋವರೆಗೂ ನೋಡ್ತೀನಿ ರೀ. ಕಾಲು ಹೀಗೇ ಎಳೀತಿದ್ರೆ ಬೀಗದ ಕೈ ಇಸ್ತ್ರಿಯವನಿಗೆ ಕೊಟ್ಬಿಡ್ತೀನಿ."

ಮಾವ ಮತ್ತೆ ಕತ್ತರಿ ಹಿಡಿದ. ಪ್ರಯೋಗಕ್ಕೆ ತಲೆ ಬೇಕಲ್ಲ, ನನ್ನದು ಸಿಕ್ಕಿತು. ಕುರ್ಚಿ ಹಳೇ ಮರದ್ದು, ತಿರುಗುವ ಜಾತಿಯದಲ್ಲ, ಕ್ಷೌರಿಕನೇ ಸುತ್ತಬೇಕು. ನಡೆಸಿ ನೋಡಲೆಂದು ಫಿಸಿಯೋಥೆರಪಿ ಮೇಡಂ ಕೂಡ ಬಂದಿದ್ದರು.

"ಪಾದ ಮೇಲೆತ್ತೋ ಸ್ನಾಯು ಸೋತಿದೆ, ಹಿಂದೆ ಮೀನಖಂಡ ಬಿಗಿದಿದೆ. ಅದಕ್ಕೇ ಬೆರಳು ನೆಲಕ್ಕೆ ತಾಗುತ್ತೆ. ಅದನ್ನ ತಪ್ಪಿಸೋಕೆ ನೀವು ಇಡೀ ಕಾಲನ್ನೇ ಹೊರಗಡೆಯಿಂದ ಬೀಸಿ ತರ್ತೀರಿ" ಎಂದರು.

ಆ ಬೀಸು ಎಂಥದೆಂದು ನನ್ನ ತಲೆಗೆ ಬೇಗ ಗೊತ್ತಾಯಿತು. ಕುರ್ಚಿ ಬಲಕ್ಕಿದ್ದರೆ ಮಾವನ ಎಡಗಾಲಿಗೆ ಬೀಸಲು ಬೇಕಾದಷ್ಟು ಜಾಗ. ಎಡಕ್ಕಿದ್ದರೆ ಪ್ರತಿ ಹೆಜ್ಜೆಗೂ ಕುರ್ಚಿಗೆ ಒದೆ. ಹಾಗಾಗಿ ಪ್ರದಕ್ಷಿಣೆ ಮಾತ್ರ ಸಾಧ್ಯ, ವಾಪಸು ಬರುವ ಹಾಗಿಲ್ಲ. ದಾಟಿ ಬಂದ ಕಿವಿಯ ಬಳಿ ಒಂದೆಳೆ ಉಳಿದಿದ್ದರೂ ಪೂರ್ತಿ ಸುತ್ತು ಹಾಕಬೇಕು.

"ನಿನ್ನ ತಲೆಯಲ್ಲಿ ದೇವರಿಲ್ಲ ಅಂತ ಗೊತ್ತಿದ್ದೂ ಸುತ್ತು ಹಾಕ್ತಿದ್ದೀನಿ" ಎಂದು ಗೊಣಗಿದ.

ನಾನು ಎದ್ದಾಗ ನೆಲದಲ್ಲಿ ಕಂಡದ್ದು ಆ ಗೆರೆ. ಎಷ್ಟು ಬೀಸಿದರೂ ನೆಲ ಬಿಡದ ಅವನ ಕಾಲಿನ ಹೆಬ್ಬೆರಳು ಉದುರಿದ ಕೂದಲನ್ನು ಸವರಿಕೊಂಡು ಹೋಗಿ, ಕುರ್ಚಿಯ ಸುತ್ತ ಬಳೆಯಂಥ ದುಂಡು ಗೆರೆ ಮೂಡಿತ್ತು. "ನಿಮ್ಮ ಕಾಲೇ ಪೊರಕೆ ಆಗಿದೆ" ಎಂದು ಅತ್ತೆ ಮುಖ ಸಿಂಡರಿಸಿ ಗುಡಿಸಿದಳು.

ಅಂದಿನಿಂದ ಮಾವ ಹಿಮ್ಮಡಿ ಊರಿ ಬೆರಳೆತ್ತುವ ಅಭ್ಯಾಸಕ್ಕೆ ಬಿದ್ದ. ರೇಡಿಯೋ ಹಾಡಿದರೆ ತಾಳಕ್ಕೆ ತಕ್ಕಂತೆ ಎತ್ತುತ್ತಿದ್ದ. ಯಾರಾದರೂ ಹರಟೆ ಕೊಚ್ಚಿದರೆ ಆ ಹರಟೆಗೂ ಎತ್ತುತ್ತಿದ್ದ. ಕುರ್ಚಿಯ ಬೆನ್ನು ಹಿಡಿದು ಎಡಗಾಲ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದ. ಕಾಲು ನಡುಗುತ್ತಿತ್ತು, ಬೆವರಿಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಹಳೇ ಗಿರಾಕಿಗಳು ಒಬ್ಬೊಬ್ಬರೇ ಬಂದು ಧೈರ್ಯವಾಗಿ ತಲೆ ಒಪ್ಪಿಸಿದರು. ಪ್ರತಿ ತಲೆಯಾದ ಮೇಲೂ ಅತ್ತೆ ಪೊರಕೆ ಹಿಡಿದು ಬಂದು ಗೆರೆ ಅಳಿಸುತ್ತಿದ್ದಳು. ನೋಡಿ ನೋಡಿ ನನಗೇ ಬೇಜಾರಾಗಿ, ಬೇರೆ ಕಡೆ ಕತ್ತರಿಸಿಕೊಳ್ಳೋಣವೇ ಅನ್ನಿಸಿದ್ದೂ ಉಂಟು.

ಮಳೆ ಹಿಂದೆಗೆದ ವಾರ ಮತ್ತೆ ನನ್ನ ಸರದಿ ಬಂತು. ಮಾವ ಒಂದು ಸುತ್ತು ಮುಗಿಸಿದ. ಬಲಗಿವಿಯ ಬಳಿ ಏನೋ ಉಳಿದಿತ್ತು. ಮಾತಿನ ಭರದಲ್ಲಿ ಮೈಮರೆತು, ಅವನು ಹಿಂದಕ್ಕೆ ತಿರುಗಿ ಅಪ್ರದಕ್ಷಿಣೆಯಲ್ಲೇ ಬಂದುಬಿಟ್ಟ. ಕುರ್ಚಿಗೆ ಒದೆ ಬೀಳಲಿಲ್ಲ.

ಅತ್ತೆ ಪೊರಕೆಯೊಂದಿಗೆ ಬಂದವಳು ಬಗ್ಗಿದಳು, ಆದರೆ ಗುಡಿಸಲಿಲ್ಲ.

"ಏನೇ, ಸೊಂಟ ಹಿಡ್ಕೊಳ್ತಾ?" ಎಂದ ಮಾವ.

"ಗೆರೆ ನೋಡ್ರೀ" ಎಂದಳು. ಬಳೆ ಒಡೆದಿತ್ತು. ಇಲ್ಲೊಂದು ತುಂಡು, ಅಲ್ಲೊಂದು ತುಂಡು. ನಡುವೆ ಕೂದಲು ಬಿದ್ದಲ್ಲೇ ಬಿದ್ದಿತ್ತು. ಅಲ್ಲೆಲ್ಲ ಹೆಬ್ಬೆರಳು ನೆಲ ಬಿಟ್ಟು ಎದ್ದಿತ್ತು. ಮಾವ ಬಹಳ ಹೊತ್ತು ನೆಲ ನೋಡಿದ. ಅವನಿಗೆ ಮಾತು ಹೊರಡಲಿಲ್ಲ. ಲಕ್ವ ಹೊಡೆದಾಗಲೂ ಹೀಗಾಗಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಕೂದಲು ಬಿತ್ತೆಂದು ಉಜ್ಜಿಕೊಂಡೆ.

ಅಷ್ಟರಲ್ಲಿ ಇಸ್ತ್ರಿಯವ ಬಾಗಿಲಲ್ಲಿ ಇಣುಕಿದ. "ಅಕ್ಕಾ, ಮಳೆಗಾಲ ಮುಗೀತಲ್ಲ. ಯಾವಾಗ ಖಾಲಿ ಮಾಡ್ತೀರಿ?"

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನು ತೋರಿಸಿದಳು.

"ಕುರ್ಚಿನೇ ಖಾಲಿ ಇಲ್ವಲ್ಲಪ್ಪ. ಕಟಿಂಗ್ ಬೇಕಿದ್ರೆ ಕೂತಿರು, ಇವನಾದ್ಮೇಲೆ ನೀನೇ."