ದೊಡ್ಡವ್ವ ಎತ್ತಿಕೊಟ್ಟ ಸಾಲು

1998ರ ಮಾತು. ನಾನಾಗ ಬೇಲೂರಿನ ಪ್ರೈಮರಿ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಅರಸೀಕೆರೆಯಲ್ಲಿ ಸ್ವಂತ ರಚನೆಯ ಹಾಡಿನ ಸ್ಪರ್ಧೆ ಇದೆಯೆಂದು ತಿಳಿದು ಹೆಸರು ಕೊಟ್ಟೆ. ಗೆಂಡೆಹಳ್ಳಿಯ ದೊಡ್ಡವ್ವ ನಮ್ಮ ಮನೆಗೆ ಬಂದಿದ್ದವಳು, "ನಾನೂ ಬತ್ತೀನಿ" ಎಂದು ಹೊರಟೇಬಿಟ್ಟಳು. ಹಳೇಬೀಡು, ಜಾವಗಲ್ ದಾಟುವವರೆಗೂ ಬಸ್ಸಿನಲ್ಲಿ ನಾನು ಹಾಡನ್ನು ಗುನುಗುತ್ತಲೇ ಇದ್ದೆ.

ತೀರ್ಪುಗಾರರು ಕಾಲೇಜಿನ ಒಬ್ಬ ಇಂಗ್ಲಿಷ್ ಮೇಷ್ಟ್ರು. ಮೊದಲಿಗೆ ಅವರದೇ ಭಾಷಣ. ಐರ್ಲೆಂಡ್ ಎಂಬ ದೇಶದಲ್ಲಿ ಈಗಿನ ಹಾಡುಗಾರರು ತಮ್ಮ ಹಳೆಯ ಕವಿಗಳ ಸಾಲುಗಳನ್ನು, ಅಜ್ಜಿಯರ ಕಥೆಗಳನ್ನು ಎತ್ತಿಕೊಂಡು ಗಿಟಾರ್ ಹಿಡಿದು ಹೊಸ ಹಾಡು ಕಟ್ಟುತ್ತಾರಂತೆ. "ಪರಂಪರೆ ಬದುಕೋದೇ ಹೀಗೆ" ಎಂದು ಮನಸಾರೆ ಹೊಗಳಿದರು. ನಾವೂ ಚಪ್ಪಾಳೆ ತಟ್ಟಿದೆವು.

ನನ್ನ ಸರದಿ ಬಂತು. "ತಿರುಗವ್ವ ಕಲ್ಲೇ ತವರಿನ ದಿಕ್ಕಿಗೆ" ಎಂದು ಶುರು ಮಾಡಿದೆ. ಊರಿಗೆ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು, ಇನ್ನು ತವರಿನ ಸುದ್ದಿ ಯಾರನ್ನು ಕೇಳಲಿ ಎಂಬುದು ನನ್ನ ಹಾಡು. ಮುಗಿಸುವಷ್ಟರಲ್ಲಿ ಮೇಷ್ಟ್ರು ಮೈಕ್ ಎಳೆದುಕೊಂಡರು.

"ಈ ಮೊದಲನೇ ಸಾಲು ನಿಮ್ಮದಲ್ಲಮ್ಮ. ನಮ್ಮಜ್ಜಿ ರಾಗಿ ಬೀಸ್ತಾ ಇದನ್ನೇ ಹೇಳೋರು. ಸ್ವಂತದ್ದು ಅಂತ ಸಹಿ ಹಾಕಿದ್ದೀರಲ್ಲ? ಸ್ಪರ್ಧೆಯಿಂದ ಕೈಬಿಡಬೇಕಾಗುತ್ತೆ."

ಸಭೆಯಲ್ಲಿ ಗುಸುಗುಸು ಎದ್ದಿತು. ನಮ್ಮ ಶಾಲೆಯ ಇಬ್ಬರು ಟೀಚರುಗಳು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ನಾಳೆ ಇವರಿಗೆ ಹೇಗೆ ಮುಖ ತೋರಿಸಲಿ? ಕಳ್ಳಿ ಎನಿಸಿಕೊಂಡೆನಲ್ಲ!

ಅಷ್ಟರಲ್ಲಿ ಹಿಂದಿನಿಂದ ದೊಡ್ಡವ್ವ ಎದ್ದಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಕೆನ್ನೆಗೆ ಒತ್ತಿಕೊಂಡು, "ಸಾಮಿ, ಆಗ್ಲೆ ಅದ್ಯಾವ್ದೋ ದೇಶದೋರು ಹಳೇ ಪದ ಎತ್ತಿಕಂಡು ಹೊಸಾದು ಕಟ್ತಾರೆ ಅಂತ ಹೊಗಳಿದ್ರಿ. ನಮ್ಮ ಹುಡುಗಿ ಕಟ್ಟಿದ್ರೆ ಕಳ್ತನವಾ?" ಎಂದಳು.

ಸಭೆ ಗೊಳ್ಳೆಂದಿತು. ಅವಳು ನಗಲಿಲ್ಲ. "ನಿಮ್ಮಜ್ಜಿ ಎರಡ್ನೇ ಸಾಲು ಏನು ಹೇಳೋರು?"

ಮೇಷ್ಟ್ರು ಸ್ವಲ್ಪ ಯೋಚಿಸಿ, "ಅಣ್ಣನ ಬಂಡಿ ಬಂತೇನೋ ನೋಡಿ ಬಾ" ಎಂದರು.

"ನಂದು ಬ್ಯಾರೆ ಐತೆ. ಅವ್ವನ ಕಣ್ಣೀರು ಒರೆಸಿ ಬಾ ಅಂತ. ಮೊದಲ್ನೇದು ಎಲ್ಲಾರ್ದು ಸಾಮಿ, ಮುಂದಿಂದು ಅವರವರ ಹೊಟ್ಟೇದು."

ಆಮೇಲೆ ನನ್ನ ಕಡೆ ತಿರುಗಿದಳು. "ನಿಂದೂ ತಪ್ಪೈತೆ ಕಣೇ. ಯಾರ ಪದ ಅಂತ ಹೇಳ್ದೆ ಎತ್ತುತಾರಾ?"

ನಿಜ. ಮದುವೆಯ ಹಸೆಯ ಮುಂದೆ ಕುಳಿತು ಹಾಡುವಾಗ ನಮ್ಮ ಕಡೆಯ ಹೆಂಗಸರು ಯಾರಿಂದ ಕಲಿತದ್ದೆಂದು ಹೇಳಿಯೇ ಪದ ಎತ್ತುತ್ತಾರೆ. ಮೈಕ್ ಕಂಡ ಸಡಗರದಲ್ಲಿ ನಾನು ಅದನ್ನು ಮರೆತಿದ್ದೆ.

ಮೇಷ್ಟ್ರು ಎದ್ದು ನಿಂತು ದೊಡ್ಡವ್ವನಿಗೆ ಕೈಮುಗಿದರು. "ಕಾಲೇಜಲ್ಲಿ ಆ ದೇಶದ ಕವಿಗಳ ಪಾಠ ಮಾಡ್ತೀನಿ, ನಮ್ಮನೆ ಕಲ್ಲನ್ನೇ ಮರೆತೆ" ಎಂದು ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಹಾಡಿ ತಾಯಿ."

"ಇದು ಗೆಂಡೆಹಳ್ಳಿಯ ನಮ್ಮ ದೊಡ್ಡವ್ವ ಪುಟ್ಟಮ್ಮ ಕಲಿಸಿದ ಪದ" ಎಂದು ಹೇಳಿ ಶುರು ಮಾಡಿದೆ. ಮೊದಲ ಸಾಲು ಮರಳಿ ಬಂದಾಗಲೆಲ್ಲ ಹಿಂದಿನ ಬೆಂಚುಗಳ ಹೆಂಗಸರು ಮದುವೆಮನೆಯಲ್ಲಿ ಹಾಡುವಂತೆ ದನಿಗೂಡಿಸಿದರು. ಕೊನೆಗೆ ಮೇಷ್ಟ್ರೂ ಸೇರಿಕೊಂಡರು. ಮೊದಲ ಬಹುಮಾನ ನನಗೇ ಬಂತು! ಹಾಗೆ ಮೈ ಜುಮ್ಮೆಂದದ್ದು ನನಗೆ ಮತ್ತೆಂದೂ ಇಲ್ಲ.

ವಾಪಸ್ ಬರುವಾಗ ದೊಡ್ಡವ್ವ ಶೀಲ್ಡನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದಳು. ಕಂಡಕ್ಟರ್ ತಮಾಷೆಗೆ, "ಏನಜ್ಜಿ, ನೀವೇ ಹಾಡಿ ಗೆದ್ರಾ?" ಎಂದ.

"ಮೊದಲ್ನೇ ಸಾಲು ಹಳೇದು ಕಣಪ್ಪ" ಎಂದಳು. "ಮುಂದಿಂದೆಲ್ಲ ಇವಳ್ದೇ."

ಅಂದಿನಿಂದ ಎಷ್ಟೋ ಹಾಡು ಕಟ್ಟಿದ್ದೇನೆ. ಯಾವುದನ್ನೂ ಯಾರ ಪದವೆಂದು ಹೇಳದೆ ಎತ್ತಿಲ್ಲ. ಶೀಲ್ಡಿನ ಬಣ್ಣ ಹೋಗಿದೆ. ಬಸ್ಸಿನಲ್ಲಿ ದೊಡ್ಡವ್ವ ಹೇಳಿದ ಆ ಮಾತು ನೆನಪಾದರೆ ಈಗಲೂ ಗೆದ್ದಂತೆಯೇ ಅನ್ನಿಸುತ್ತದೆ.