ವಿಮಾನ ಎಳೆದ ಟೈರುಗಳು

ನಮ್ಮ ಮಾವನವರಿಗೆ ಮೂಲವ್ಯಾಧಿ ಇತ್ತು. ಹಿರಿಯರ ವಿಷಯವನ್ನು ಹೀಗೆ ಶುರು ಮಾಡಬಾರದೆಂದು ನನಗೂ ಗೊತ್ತು. ಆದರೆ ಇದನ್ನು ಮುಚ್ಚಿಟ್ಟರೆ ಬೀದರದ ಆ ಅಂಗಡಿಯಲ್ಲಿ ಅವರು ಯಾಕೆ ಅಷ್ಟು ಹಟ ಹಿಡಿದರು ಎಂಬುದು ಯಾರಿಗೂ ತಿಳಿಯುವುದಿಲ್ಲ. ಅವರು ಹೋಗಿ ಬಹಳ ಕಾಲವಾಯಿತು. ಈಗ ಬೈಯುವುದಕ್ಕಂತೂ ಎದ್ದು ಬರಲಾರರು.

ಪೊಲೀಸ್ ಆ್ಯಕ್ಷನ್ ಆಗಿ ಎರಡೋ ಮೂರೋ ವರ್ಷವಾಗಿತ್ತು. ನಾವಿನ್ನೂ ಹೈದರಾಬಾದ್ ಸ್ಟೇಟಿನವರೇ. ಸರ್ಕಾರ ಬದಲಾಗಿತ್ತು, ಕಚೇರಿಯೊಳಗಿನ ಉರ್ದು ಮಾತ್ರ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ನಾನು ಬೀದರದಲ್ಲಿ ಹುಟ್ಟಿ ಬೆಳೆದವಳು. ಭಾಲ್ಕಿ ತಾಲ್ಲೂಕಿನಲ್ಲಿ, ಭಾತಂಬ್ರಾದ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋಗಿ ವರ್ಷವೂ ತುಂಬಿರಲಿಲ್ಲ. ಗಂಡ ಬೇರೆ ಊರಿನಲ್ಲಿ ಶಾಲೆ ಮಾಸ್ತರರು, ವಾರಕ್ಕೊಮ್ಮೆ ಬರುತ್ತಿದ್ದರು. ಈ ಪ್ರಕರಣದಲ್ಲಿ ಅವರ ಪಾತ್ರ ಊಟದ ಹೊತ್ತಿಗೆ ಮಾತ್ರ.

ಊರು ಬಿಟ್ಟುಹೋದ ಜಾಗೀರದಾರರೊಬ್ಬರ ತೋಟದ ಕೊಟ್ಟಿಗೆಯಲ್ಲಿ ಸಣ್ಣದೊಂದು ಹಳೆಯ ಟ್ರ್ಯಾಕ್ಟರ್ ನಿಂತಿತ್ತು. ಮಾವನವರು ಮನೆಯ ಎರಡೂ ಜೋಡಿ ಎತ್ತು ಮಾರಿ ಅದನ್ನು ಮನೆಗೆ ತಂದರು. ತಂದರು ಎನ್ನುವುದು ಸ್ವಲ್ಪ ದೊಡ್ಡ ಮಾತು. ಬೇರೆಯವರ ಎತ್ತುಗಳು ಅದನ್ನು ಎಳೆದು ತಂದು ಅಂಗಳದಲ್ಲಿ ಬಿಟ್ಟುಹೋದವು. ಇಂಜಿನ್ ಗಟ್ಟಿಯಿತ್ತು, ಮುಂದಿನ ಪುಟ್ಟ ಗಾಲಿಗಳೂ ನಡೆಯುವಂತಿದ್ದವು, ಹಿಂದೆ ಹಿಡಿಕೆಯಿಂದ ಏರಿಸಿ ಇಳಿಸುವ ನೇಗಿಲೂ ಇತ್ತು. ಹಿಂದಿನ ಎರಡು ದೊಡ್ಡ ಟೈರುಗಳು ಮಾತ್ರ ಒಣಗಿ ಸೀಳಿಬಿಟ್ಟಿದ್ದವು. ಒಂದರೊಳಗೆ ನಮ್ಮ ಕೋಳಿಯೊಂದು ಮೊಟ್ಟೆಯಿಡುವ ಜಾಗ ಮಾಡಿಕೊಂಡಿತು.

ಬರೀ ಷೋಕಿಯ ಮಾತಾಗಿದ್ದರೆ ನಾನು ಸೆರಗಿನೊಳಗೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ವರ್ಷ ನನ್ನ ಗಂಡನ ಅಕ್ಕ ನಮ್ಮ ಮನೆಯಲ್ಲಿದ್ದಳು. ನಾನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಔರಾದ ತಾಲ್ಲೂಕಿನಲ್ಲಿ ಗಂಡನ ಪಾಲಿಗೆ ಬಂದ, ಕಪ್ಪು ಮಣ್ಣಿನ ಎರೆ ಹೊಲವೊಂದೇ ಅವಳದು ಅಂತ ಇದ್ದದ್ದು. ಅದರ ಮೇಲೆ ಅವಳ ಇಬ್ಬರು ಭಾವಂದಿರ ಕಣ್ಣು ಬಿದ್ದಿತ್ತು. "ಈ ಹಿಂಗಾರಿ ಬಿತ್ತಗಿ ಒಳಗ ಆಕಿ ಹೊಲ ಉಳ್ಳಿಲ್ಲಂದ್ರ ನಾವೇ ನೇಗಿಲ ಹೂಡ್ತೇವಿ" ಎಂದು ಹೇಳಿ ಕಳಿಸಿದ್ದರು. ಅವರ ನೇಗಿಲು ಒಮ್ಮೆ ಒಳಗೆ ಬಂದರೆ ಮತ್ತೆ ಹೊರಗೆ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವರ ಹೆದರಿಕೆಗೆ ಅಕ್ಕನಿಗೆ ಎತ್ತು ಕೊಡಲು ಆ ಊರಲ್ಲಿ ಯಾರೂ ಮುಂದೆ ಬರಲಿಲ್ಲ. ನಮ್ಮ ಎತ್ತುಗಳನ್ನು ಕಳಿಸೋಣವೆಂದರೆ, ಅವು ಆಗಲೇ ಟ್ರ್ಯಾಕ್ಟರ್ ಆಗಿ ಅಂಗಳದಲ್ಲಿ ಕೂತಿದ್ದವು.

ಹೀಗಾಗಿ ಟೈರು ತರಲು ನಾವು ಮೂವರೂ ಬೀದರಕ್ಕೆ ಹೊರಟೆವು. ಹಳೇ ಮಾಲು ಮಾರುವ ಅಂಗಡಿಯೊಂದು ನನ್ನ ತವರಿನ ಓಣಿಯಲ್ಲಿತ್ತು, ಅದಕ್ಕೆ ನಾನು. ಹೊಲ ಅಕ್ಕನದು, ಅದಕ್ಕೆ ಅವಳು. ಮನೆಯ ಯಜಮಾನರು ಎಂಬ ಕಾರಣಕ್ಕೆ ಮಾವನವರು.

ಅಂಗಡಿಯವನು ವಯಸ್ಸಾದ ಮುಸಲ್ಮಾನ, ಮೆಹಂದಿ ಹಚ್ಚಿದ ಗಡ್ಡದವನು. ನಮ್ಮ ಟ್ರ್ಯಾಕ್ಟರಿಗೆ ಹೊಂದುವ ಟೈರು ಅವನಲ್ಲಿ ಎರಡು ಜೋಡಿ ಇದ್ದವು. ಒಂದು ಜೋಡಿಗೆ ಬೆರಳುದ್ದದ ದಪ್ಪ ಹಲ್ಲುಗಳು. ಅರ್ಧ ಸವೆದಿತ್ತು, ಒಂದರ ಪಕ್ಕದಲ್ಲಿ ತೇಪೆಯೂ ಇತ್ತು. ಇನ್ನೊಂದು ಜೋಡಿ ಕರ್ರಗೆ, ನುಣ್ಣಗೆ, ಹೊಸ ಮದುಮಗನ ಹಾಗೆ ಮಿಂಚುತ್ತಿತ್ತು. ಯುದ್ಧದ ಕಾಲದಲ್ಲಿ ಎಲ್ಲೋ ವಿಮಾನಗಳನ್ನು ಎಳೆಯುತ್ತಿದ್ದ ಟ್ರ್ಯಾಕ್ಟರಿನದಂತೆ.

"ಸಾವ್ಕಾರ್ರ, ಹವಾಯಿ ಜಹಾಜ್ ಜಗ್ಗಿದ ಮಾಲ್ ಅದರಿ ಇದು. ನಿಮ್ಮಂಥಾ ಮಂದಿಗೇ ಅಂತ ಇಟ್ಟೇನಿ" ಎಂದ ಅಂಗಡಿಯವನು. ಮಾವನವರ ಮುಖ ಅರಳಿತು.

ಅಕ್ಕ ನೆಲಕ್ಕೆ ಕೂತು ಹಲ್ಲಿನ ಟೈರಿನ ಸಂದಿಯಲ್ಲಿ ಬೆರಳು ತೂರಿಸಿ ನೋಡಿದಳು. ತೇಪೆಯನ್ನು ಉಗುರಿನಿಂದ ಕೆರೆದಳು, ಅಲ್ಲಿ ಮೂಗಿಟ್ಟು ಮೂಸಿಯೂ ನೋಡಿದಳು. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡಿದವರ ಮನೆತನ ನಮ್ಮದು.

"ಅಪ್ಪಾ, ಇದನ್ನೇ ತಗೊಳ್ರಿ. ನಂದು ಎರಿ ಹೊಲ. ಮ್ಯಾಲ ಒಣಗಿದಂಗ ಕಾಣ್ತದ, ಒಳಗ ಹಸಿ ಇರ್ತದ. ಆ ನುಣ್ಣಂದು ಅಲ್ಲಿ ಹೋದ್ರ, ಬೊಚ್ಚ ಬಾಯಿಲೆ ಹುರದ ಕಡ್ಲಿ ತಿಂದಂಗ ಆಗ್ತದ."

"ಹೆಣ್ಮಕ್ಕಳು ಟೈರ್ ನೋಡೂದು ಯಾವಾಗಿಂದ ಸುರು ಆತು?" ಎಂದರು ಮಾವ. "ತ್ಯಾಪಿ ಹಚ್ಚಿದ್ದು ತಗೊಂಡು ನಾ ಮಂದ್ಯಾಗ ಹ್ಯಾಂಗ ಹೋಗ್ಲಿ?"

"ಮಂದ್ಯಾಗ ಹೋಗೂದಲ್ರಿ, ಹೊಲದಾಗ ಹೋಗೂದು."

ಮಾವನವರು ಕೆಮ್ಮಿ ಧೋತರ ಸರಿಮಾಡಿಕೊಂಡರು. ಈ ಹಟದ ನಿಜವಾದ ಕಾರಣ ನನಗೊಬ್ಬಳಿಗೇ ಗೊತ್ತಿತ್ತು, ಯಾಕೆಂದರೆ ಅವರಿಗೆ ದಿನಾ ಬೆಳಿಗ್ಗೆ ಮೂಲವ್ಯಾಧಿಗೆಂದು ಹಸಿ ಮೂಲಂಗಿ ರಸ ಹಿಂಡಿಕೊಡುತ್ತಿದ್ದವಳು ನಾನು. ಆ ಟ್ರ್ಯಾಕ್ಟರಿನ ಸೀಟು ಬರೀ ಕಬ್ಬಿಣದ ತಟ್ಟೆ. ಹಲ್ಲಿನ ಟೈರಿನ ಮೇಲೆ ಕಲ್ಲು ರಸ್ತೆಯಲ್ಲಿ ಭಾಲ್ಕಿಯಿಂದ ಔರಾದ ಕಡೆಗೆ ದಡದಡ ಹೋಗುವುದನ್ನು ನೆನೆದೇ ಅವರಿಗೆ ಬೆವರು ಬಂದಿರಬೇಕು. ಇದನ್ನು ಮಗಳ ಮುಂದೆ ಹೇಳಿದ್ದರೆ ಅರ್ಧ ಗಂಟೆಯಲ್ಲಿ ಸೀಟಿಗೊಂದು ಮೆತ್ತನೆ ದಿಂಬು ಹೊಲಿದುಕೊಡುತ್ತಿದ್ದಳು. ಆದರೆ ಗಂಡಸರ ಮಾನ ಎಲ್ಲೆಲ್ಲಿ ಇರುತ್ತದೋ ಯಾರಿಗೆ ಗೊತ್ತು! ವಿಮಾನದ ಟೈರುಗಳೇ ಗಾಡಿ ಹತ್ತಿದವು.

ಊರಲ್ಲಿ ಟೈರಿಗೆ ಗಾಳಿ ತುಂಬುವುದೇ ಒಂದು ಉತ್ಸವವಾಯಿತು. ಕಾಯಿ ಒಡೆದರು, ವಿಭೂತಿ ಹಚ್ಚಿದರು. ಪಕ್ಕದ ಮನೆಯ ಮುದುಕ ಟ್ರ್ಯಾಕ್ಟರಿನ ಮುಂದೆ ಯಾರೂ ನಿಲ್ಲಬೇಡಿ, ಒಮ್ಮೆಲೇ ಮೇಲೆದ್ದರೆ ಏನು ಗತಿ ಎಂದು ಎಲ್ಲರನ್ನೂ ದೂರ ಸರಿಸಿದ. ಮಾವನವರು ಅದನ್ನು ಅಲ್ಲಗಳೆಯಲಿಲ್ಲ.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ಹೊರಟೆವು. ಮಾವನವರು ಟ್ರ್ಯಾಕ್ಟರ್ ಮೇಲೆ, ನಾನೂ ಅಕ್ಕನೂ ಬಾಡಿಗೆ ಗಾಡಿಯಲ್ಲಿ ಹಿಂದೆ. ರಸ್ತೆಯ ಮೇಲೆ ಅದು ಬೆಣ್ಣೆಯ ಮೇಲೆ ಹೋದಂತೆ ಹೋಯಿತು, ಸುಳ್ಳು ಹೇಳಬಾರದು. ಮಾವನವರು ಎರಡೆರಡು ಸಲ ತಿರುಗಿ ನೋಡಿ ಮಗಳಿಗೆ ಮೀಸೆ ತೋರಿಸಿದರು.

ಹೊಲದ ಬದುವಿನ ಮೇಲೆ ಭಾವಂದಿರಿಬ್ಬರೂ ಆಗಲೇ ನಿಂತಿದ್ದರು. ಮಾವನವರು ಅವರ ಕಡೆ ನೋಡದೆ ಸೀದಾ ಒಳಗೆ ನುಗ್ಗಿಸಿದರು. ನಡು ಹೊಲಕ್ಕೆ ಬರುವಷ್ಟರಲ್ಲಿ, ನೇಗಿಲು ಇಳಿಸುವ ಮೊದಲೇ, ಹಿಂದಿನ ಗಾಲಿಗಳು ಇದ್ದಲ್ಲೇ ತಿರುಗತೊಡಗಿದವು. ಟೈರಿಗೆ ಎರೆ ಮಣ್ಣು ಮೆತ್ತಿ ಇನ್ನಷ್ಟು ನುಣುಪಾಯಿತು. ಮಾವನವರು ಜೋರು ಮಾಡಿದಷ್ಟೂ ಅದು ಕೆಳಗಿಳಿಯಿತು. ಕೊನೆಗೆ ಹೊಟ್ಟೆ ನೆಲಕ್ಕೆ ಹಚ್ಚಿ ಎಮ್ಮೆಯಂತೆ ಕೂತುಬಿಟ್ಟಿತು. ಭಾವಂದಿರು ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಭಾವಂದಿರು ತಮ್ಮ ನೇಗಿಲು ಹೊತ್ತು ಬಂದರು. ಜೊತೆಗೆ ಊರ ಪಟೇಲರೂ ಬಂದರು. ಪಟೇಲರು ಕೆಸರಲ್ಲಿ ಹೂತ ಟ್ರ್ಯಾಕ್ಟರನ್ನು ಸುತ್ತಿ ನೋಡಿ, ಅದರ ಹಿಂದೆ ತೂಗುತ್ತಿದ್ದ ನೇಗಿಲನ್ನು ಕೋಲಿನಿಂದ ತಟ್ಟಿದರು.

"ಈ ಊರಾಗ ಮದ್ಲಿಂದ ಒಂದ ಮಾತದ. ಯಾರ ನೇಗಿಲ ಹೊಲದಾಗ ನಿಂತದೋ, ಅದು ಹೊರಗ ಹೋಗೂ ತನಕ ಮತ್ತೊಬ್ಬರು ಹೂಡಂಗಿಲ್ಲ. ಯಾರ ಸಾಲ ಮದ್ಲ ಬೀಳ್ತದೋ ಅವರೇ ಬಿತ್ತಬೇಕು. ಇವರ ನೇಗಿಲ ನಿಂತದ, ಸಾಲ ಬಿದ್ದಿಲ್ಲ."

ಭಾವಂದಿರ ನಗು ಅಲ್ಲಿಗೆ ನಿಂತಿತು. ನಾಲ್ಕು ಬಿಸಿಲಿಗೆ ಕೆಸರು ಒಣಗಿದರೆ ಟ್ರ್ಯಾಕ್ಟರ್ ತಾನೇ ಎದ್ದು ಉಳಲು ಶುರು ಮಾಡೀತು. ಅದಕ್ಕೆ ಮೊದಲೇ ಹೊರಗೆ ಹಾಕಬೇಕೆಂದು ಅವರೇ ಓಡಾಡಿ ಊರಿನ ಎತ್ತುಗಳನ್ನೆಲ್ಲ ಹೊಡೆದುಕೊಂಡು ಬಂದರು. ಅಕ್ಕನಿಗೆ ಒಂದು ಜೋಡಿ ಎತ್ತು ಹುಟ್ಟದ ಊರಲ್ಲಿ, ಅವಳ ಟ್ರ್ಯಾಕ್ಟರ್ ಎಳೆಯಲು ಸಾಲುಗಟ್ಟಿ ಎತ್ತುಗಳು ನಿಂತವು. ಎಲ್ಲಕ್ಕಿಂತ ಮುಂದೆ ಕಟ್ಟಿದ್ದು ಭಾವಂದಿರ ಮನೆಯ ಬಿಳಿ ಜೋಡಿ. ಅದನ್ನು ನೋಡಿದ್ದೇ ಅಕ್ಕ ನನ್ನ ಕೈ ಹಿಡಿದುಕೊಂಡಳು. ಕರುಗಳಿದ್ದಾಗಿನಿಂದ ಅವಳೂ ಅವಳ ಗಂಡನೂ ಸಾಕಿದ ಎತ್ತುಗಳವು. ಗಂಡ ತೀರಿದ ಮೇಲೆ ಭಾವಂದಿರು ಬಿಚ್ಚಿಕೊಂಡು ಹೋಗಿದ್ದರಂತೆ.

ಎಳೆಯುವಾಗ ಸ್ಟೀರಿಂಗ್ ಹಿಡಿಯಲು ಮೇಲೆ ಒಬ್ಬರು ಕೂರಬೇಕಿತ್ತು. ಮಾವನವರು ಮುಂದೆ ಬಂದರು. ದೊಡ್ಡ ಭಾವ ಅವರ ಹೊಟ್ಟೆ ನೋಡಿ, "ನೀವು ಬ್ಯಾಡ್ರಿ, ಭಾರ ಆಗ್ತೀರಿ. ಆಕಿನ್ನ ಕೂಡಸ್ರಿ, ಹಗರ ಅದಾಳ" ಎಂದ.

ಅಕ್ಕ ಸೀರೆಯನ್ನು ಗಟ್ಟಿಯಾಗಿ ಕಟ್ಟಿಕೊಂಡು ಹತ್ತಿ ಕೂತಳು. ಎತ್ತುಗಳು ಎಳೆದವು. ಕೆಸರು ಲೊಚಕ್ಕೆಂದು ಬಾಯಿಬಿಟ್ಟಿತು, ಟ್ರ್ಯಾಕ್ಟರ್ ಎದ್ದು ಗಟ್ಟಿ ನೆಲಕ್ಕೆ ಬಂತು. ಎಲ್ಲರೂ ಹೋ ಎಂದು ಕೂಗುತ್ತಿರುವಾಗ ಅಕ್ಕ ಸೀಟಿನ ಪಕ್ಕದ ನೇಗಿಲಿನ ಹಿಡಿಕೆಯನ್ನು ಎರಡೂ ಕೈಯಿಂದ ಒತ್ತಿದಳು. ನೇಗಿಲು ನೆಲಕ್ಕಿಳಿದು ಕಚ್ಚಿತು.

"ನಿಲ್ಲಸ್ರಿ! ನಿಲ್ಲಸ್ರೋ!" ಎಂದು ದೊಡ್ಡ ಭಾವ ಎತ್ತುಗಳ ಮುಂದೆ ಓಡಿದ. ಮೇಲಿನಿಂದ ಅಕ್ಕ ಬಿಳಿ ಎತ್ತುಗಳನ್ನು ಹೆಸರು ಹಿಡಿದು ಕರೆದಳು, ಕೊಟ್ಟಿಗೆಯಲ್ಲಿ ಕರೆಯುತ್ತಿದ್ದ ಹಾಗೆಯೇ ಇರಬೇಕು, ಮೆತ್ತಗೆ. ಅವು ಕಿವಿ ನಿಗುರಿಸಿದವು. ಭಾವನನ್ನು ಪಕ್ಕಕ್ಕೆ ಸರಿಸಿ ಬದುವಿನ ತನಕ ಹೋಗಿಯೇ ನಿಂತವು. ಹಿಂದೆ ಕರ್ರನೆಯ ಸಾಲು ಹಸಿಹಸಿಯಾಗಿ ಬಿದ್ದಿತ್ತು.

ಪಟೇಲರು ಸಾಲನ್ನು ನೋಡಿದರು, ಭಾವಂದಿರನ್ನು ನೋಡಿದರು. "ಎತ್ತು ನಿಮ್ಮವು ಖರೆ. ನೇಗಿಲ ಆಕಿದು. ಬಿತ್ತಲಿ" ಎಂದು ಹೊರಟುಹೋದರು.

ಅಕ್ಕ ಇಳಿದು ನಮ್ಮ ಹತ್ತಿರ ಬರಲಿಲ್ಲ. ಎತ್ತುಗಳ ಕೊರಳು ತಬ್ಬಿಕೊಂಡು ನಿಂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಅತ್ತೆ. ಮಾವನವರು ಮಾತ್ರ ಸೇರಿದವರಿಗೆ ವಿಮಾನದ ಟೈರಿನ ಗುಣ ವಿವರಿಸುತ್ತಿದ್ದರು, ಆದರೆ ನಡುನಡುವೆ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಉಳಿದ ಹೊಲ ಉಳಬೇಕಿತ್ತಲ್ಲ, ನಾವು ಮೂವರೂ ಮತ್ತೆ ಬೀದರಕ್ಕೆ ಹೋದೆವು. ಅಂಗಡಿಯವನು ಹೋದ ಸಲದಂತೆಯೇ ಮಾವನವರಿಗೆ ಸಲಾಮು ಹೊಡೆದು, ಯಾವ ಜೋಡಿ ತೋರಿಸಲಿ ಎಂದು ಕೇಳಿದ.

ಮಾವನವರು ಅಂಗಡಿಯ ಮೆಟ್ಟಿಲು ಹತ್ತಲೇ ಇಲ್ಲ. ಹೊರಗೆ ಬೇವಿನ ನೆರಳಲ್ಲಿ ನಿಂತು, ಮುಖ ಬೀದಿಯ ಕಡೆ ತಿರುಗಿಸಿ ಹೇಳಿದರು: "ನನಗ ಯಾಕ ಕೇಳ್ತಿ? ಹೊಲ ಆಕಿದು. ಆಕಿನ್ನ ಕೇಳು."